ನಿತ್ಯಾಧಾರ ಮಾತೆಯ ಹಳೇ ಪಟ ಕಪ್ಪಾಗಿದೆ, ಪೇಂಟರ್ ಕೈಗೆ ಕೊಡಬಹುದಾ?

ಮಸ್ಕಿ ರೋಡ್

ಎಲ್ಲರಿಗೂ ನಮಸ್ಕಾರ. ರಾಯಚೂರು ಜಿಲ್ಲೆಯ ಒಂದು ಸಣ್ಣ ಚರ್ಚಿನವನು ನಾನು. ಊರ ಹೆಸರು ಬೇಡ, ಸುಮ್ನೆ ಜಗಳ ಯಾಕೆ. ನಮ್ಮಲ್ಲಿ ಪೀಠದ ಎಡಗಡೆ ನಿತ್ಯಾಧಾರ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಮ್ಮನವರ, ಹಳೇ ಪಟ ಇದೆ. ಎರಡು ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರ. ಬುಧವಾರದ ನೊವೇನ (ಮಾತೆಗೆ ವಾರವಾರ ಮಾಡುವ ಪ್ರಾರ್ಥನೆ) ಅದರ ಮುಂದೆಯೇ ನಡೆಯುತ್ತದೆ. ಮೇಣದಬತ್ತಿ ಹೊಗೆ ಕುಡಿದು ಮಾತೆಯ ಮುಖ ಮಬ್ಬಾಗಿದೆ. ಹಿಂದಿನ ಬಂಗಾರದ ಬಣ್ಣ ಕಂದಾಗಿದೆ. ಕೆಳಗೆ ಬಲಮೂಲೆಯಲ್ಲಿ ಬಣ್ಣ ಚಕ್ಕೆ ಎದ್ದು ಉದುರುತ್ತಿದೆ.

ಜೂನ್ 27ಕ್ಕೆ ಹಬ್ಬ. ಅಷ್ಟರೊಳಗೆ ಪಟ ಹೊಸದು ಮಾಡಿಸಬೇಕು ಅಂತ ಪಾಲನಾ ಸಮಿತಿಯಲ್ಲಿ ಮಾತಾಗಿದೆ. ಬೋರ್ಡ್ ಬರೆಯುವ ಪೇಂಟರ್ ಒಬ್ಬರು ಬಂದು ನೋಡಿದರು. ಹಳೇ ಬಣ್ಣ ಉಜ್ಜಿ ತೆಗೆದು, ಎನಾಮೆಲ್ ಹೊಡೆದು, ಮೇಲೆ ವಾರ್ನಿಷ್ ಕೊಡುತ್ತಾರಂತೆ. ಎರಡು ದಿನದ ಕೆಲಸ ಅಂದರು. ಪಟದ ಕೆಳಗೆ ತೆಲುಗಿನಲ್ಲಿ ಒಂದು ಸಾಲು ಇದೆ. ಪಟ ಕೊಟ್ಟವರ ಹೆಸರಿರಬೇಕು, ಅರ್ಧ ಅಳಿಸಿದೆ. ಅದನ್ನೂ ತೆಗೆದು ಕನ್ನಡದಲ್ಲಿ ಬಂಗಾರದ ಅಕ್ಷರ ಬರೆದುಕೊಡುತ್ತಾರಂತೆ. ದುಡ್ಡು ಕೊಡಲು ದಾನಿಯೂ ಸಿದ್ಧ. ನನಗೆ ಮಾತ್ರ ಮನಸ್ಸು ಒಪ್ಪುತ್ತಿಲ್ಲ. ಗೊತ್ತಿದ್ದವರು ಹೇಳಿ.

ಕೌಲ್ ಬಜಾರ್

ಪೇಂಟ್ ಯಾಕ್ರೀ? ಆಲೂಗಡ್ಡೆ ಅರ್ಧ ಕೊಯ್ದು ಮೆಲ್ಲಗೆ ಉಜ್ಜಿ. ಮನೆಯ ಪಟಕ್ಕೆ ನಮ್ಮಮ್ಮ ಹಾಗೇ ಮಾಡುತ್ತಿದ್ದರು. ಫಳಫಳ ಅನ್ನುತ್ತಿತ್ತು.

ಕೋಟೆ ಕೆಳಗೆ

ಆಲೂಗಡ್ಡೆ, ಈರುಳ್ಳಿ, ಬ್ರೆಡ್ಡು, ಕೊಬ್ಬರಿ ಎಣ್ಣೆ ಯಾವುದೂ ಬೇಡ ಮಾರಾಯ್ರೆ. ಚಕ್ಕೆ ಎದ್ದ ಬಣ್ಣದ ಮೇಲೆ ಏನೇ ಉಜ್ಜಿದರೂ ಕೊಳೆ ಜೊತೆ ಬಣ್ಣವೂ ಬರುತ್ತದೆ. ಆಲೂಗಡ್ಡೆಯ ನೀರು, ಹಿಟ್ಟು ಬಿರುಕಿನೊಳಗೆ ಕೂತರೆ ಅಲ್ಲಿ ಬೂಷ್ಟು ಬರುತ್ತದೆ, ಹುಳ ಬರುತ್ತದೆ. ಎಣ್ಣೆ ಹಚ್ಚಿದ ದಿನ ಹೊಳೆಯುತ್ತದೆ, ಆಮೇಲೆ ಅದೇ ಎಣ್ಣೆ ಧೂಳು ಹಿಡಿಯುತ್ತದೆ.

ಮಸ್ಕಿ ರೋಡ್ ತಮ್ಮಾ, ಮೊದಲು ಅದು ಕೈಯಲ್ಲಿ ಬರೆದದ್ದೋ ಅಚ್ಚಿನದೋ ನೋಡು. ಯುರೋಪಿನಲ್ಲಿ ಕಲ್ಲಚ್ಚಿನಿಂದ ಬಣ್ಣದ ಪಟ ತೆಗೆದು, ಮೇಲೆ ವಾರ್ನಿಷ್ ಬಳಿದು, ಎಣ್ಣೆಬಣ್ಣದ ಚಿತ್ರದಂತೆ ಕಾಣಿಸಿ ಕಳಿಸುತ್ತಿದ್ದರು. ರವಿವರ್ಮನ ದೇವರ ಪಟಗಳು ಮನೆಮನೆಗೆ ಬಂದದ್ದೂ ಇದೇ ಬಗೆಯ ಅಚ್ಚಿನಿಂದ. ಭೂತಗನ್ನಡಿ ಹಿಡಿದು ಕೆನ್ನೆಯ ಭಾಗ ನೋಡು. ಬಣ್ಣದ ಸಣ್ಣ ಚುಕ್ಕೆಗಳು ಕಂಡರೆ ಅಚ್ಚು. ಆಮೇಲೆ ದೀಪ ಆರಿಸಿ ಟಾರ್ಚನ್ನು ಪಟದ ಪಕ್ಕದಿಂದ, ಗೋಡೆಗೆ ತಾಗುವ ಹಾಗೆ ಹಿಡಿ. ಕುಂಚದ ಗೆರೆ, ಉಬ್ಬು, ಬಿರುಕು ಎಲ್ಲ ಎದ್ದು ಕಾಣುತ್ತದೆ. ಕೈ ಮಾತ್ರ ತಾಗಿಸಬೇಡ.

ಮಸ್ಕಿ ರೋಡ್

ನೋಡಿದೆ ಸರ್. ಚುಕ್ಕೆ ಇಲ್ಲ. ಕುಂಚದ ಗೆರೆ ಚೆನ್ನಾಗಿ ಕಾಣುತ್ತದೆ. ಮರದ ಹಲಗೆ. ಚಕ್ಕೆ ಬಿದ್ದ ಕಡೆ ಬಣ್ಣದ ಕೆಳಗೆ ಬಿಳಿ ಪದರ, ಅದರ ಕೆಳಗೆ ಬಟ್ಟೆಯ ಎಳೆ. ಇನ್ನೊಂದು ವಿಚಿತ್ರ ಇದೆ. ಮಾತೆಯ ನೀಲಿ ಸೆರಗಿನ ಕೆಳಭಾಗದಲ್ಲಿ ಬಣ್ಣ ಬೇರೆ ಥರ ದಪ್ಪ. ಬೇರೆ ಕಡೆ ಇರುವ ಸಣ್ಣ ಬಿರುಕುಗಳು ಅಲ್ಲಿಗೆ ಬಂದು ನಿಂತುಬಿಡುತ್ತವೆ.

ಕೋಟೆ ಕೆಳಗೆ

ಹಾಗಾದರೆ ಬಿರುಕು ಬಿಟ್ಟ ಮೇಲೆ ಯಾರೋ ಅಲ್ಲಿ ಒಮ್ಮೆ ಬಣ್ಣ ಹಚ್ಚಿದ್ದಾರೆ. ಈಗ ಬರುವ ಪೇಂಟರ್ ಎರಡನೆಯವರು ಅಂತಾಯಿತು.

ತೆಲುಗು ಸಾಲಿಗೆ ಮಾತ್ರ ಕೈ ಹಾಕಲು ಬಿಡಬೇಡ. ಬಳ್ಳಾರಿ 1953ರವರೆಗೆ ಮದ್ರಾಸ್ ಕಡೆಗಿತ್ತು. ರಾಯಚೂರು ನಿಜಾಮನ ಕೈಯಲ್ಲಿ, ಆಮೇಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ. ನಮ್ಮ ಬಳ್ಳಾರಿ ಧರ್ಮಕ್ಷೇತ್ರ ಆದದ್ದೇ 1949ರಲ್ಲಿ, ಮೊದಲ ಧರ್ಮಾಧ್ಯಕ್ಷರು (ಬಿಷಪ್) ಫ್ರಾನ್ಸಿಸ್ಕನ್ ಸಭೆಯ ಜಾನ್ ಫಾರೆಸ್ಟ್ ಹೋಗನ್. ಅಂಥ ನೆಲದಲ್ಲಿ ಒಂದು ತೆಲುಗು ಸಾಲು ಅಂದರೆ ನಿಮ್ಮ ಚರ್ಚಿನ ಕಾಗದಪತ್ರ ಇದ್ದ ಹಾಗೇ. ಬಂಗಾರದ ಅಕ್ಷರದಲ್ಲಿ ಹೊಸ ಹೆಸರು ಬರೆಯುವ ಆಸೆ ಯಾರಿಗೋ ಇದೆ ಅನ್ನಿಸುತ್ತದೆ. ದಾನಿ ಯಾರು ಅಂತ ನಾನು ಕೇಳುವುದಿಲ್ಲ ಬಿಡು.

ಮಸ್ಕಿ ರೋಡ್

ಕೇಳಬೇಡಿ ಸರ್ 🙏

ಜಪಸರದಕ್ಕ

ಮಕ್ಕಳಿಗೆ ಧರ್ಮೋಪದೇಶ ಹೇಳುವಾಗ ಈ ಪಟದ ಕಥೆ ಪ್ರತಿ ವರ್ಷ ಹೇಳುತ್ತೇನೆ. ಇಲ್ಲೂ ಹೇಳಿಬಿಡುತ್ತೇನೆ, ಯಾಕಂದರೆ ಮೂಲ ಪಟವೇ ಏನೇನು ಪಾಡು ಪಟ್ಟಿದೆ ಅಂತ ಗೊತ್ತಾದರೆ ನಿಮ್ಮ ಸಮಿತಿಯವರ ಅವಸರ ಸ್ವಲ್ಪ ಇಳಿದೀತು.

ಮೂಲ ಪಟ ರೋಮಿನಲ್ಲಿದೆ, ಸಂತ ಅಲ್ಫೋನ್ಸರ ಚರ್ಚಿನಲ್ಲಿ. ದೊಡ್ಡದೇನಲ್ಲ. ಎತ್ತರ 54 ಸೆಂಟಿಮೀಟರ್ ಆಸುಪಾಸು, ಅಗಲ 41. ಮರದ ಹಲಗೆ, ಬಂಗಾರದ ಹಿನ್ನೆಲೆ. ಕ್ರೀಟ್ ದ್ವೀಪದ ಕಡೆಯ ಶೈಲಿ. ಬಾಲಯೇಸು ಎರಡೂ ಕೈಯಿಂದ ತಾಯಿಯ ಕೈ ಹಿಡಿದಿದ್ದಾನೆ. ನಮ್ಮ ಎಡಕ್ಕೆ ಮಿಖಾಯೇಲ್ ದೂತ, ಈಟಿ ಮತ್ತು ಸ್ಪಂಜು ಸಿಕ್ಕಿಸಿದ ಕೋಲು ಹಿಡಿದು. ಬಲಕ್ಕೆ ಗಬ್ರಿಯೇಲ್ ದೂತ, ಶಿಲುಬೆ ಮತ್ತು ಮೊಳೆ ಹಿಡಿದು. ಮಗು ಅದನ್ನು ನೋಡಿ ಬೆಚ್ಚಿ ಓಡಿ ಬಂದಿದೆ, ಒಂದು ಕಾಲಿನ ಚಪ್ಪಲಿ ಕಳಚಿ ನೇತಾಡುತ್ತಿದೆ. ಮಕ್ಕಳಿಗೆ ಅತಿ ಇಷ್ಟ ಆಗುವುದು ಆ ಚಪ್ಪಲಿಯೇ.

ಪರಂಪರೆಯ ಕಥೆ ಹೀಗೆ. ಒಬ್ಬ ವ್ಯಾಪಾರಿ ಕ್ರೀಟಿನ ಚರ್ಚಿನಿಂದ ಪಟ ಕದ್ದ. ಹಡಗಿನಲ್ಲಿ ಬರುವಾಗ ಬಿರುಗಾಳಿಗೆ ಸಿಕ್ಕು ಬದುಕಿಕೊಂಡ. ರೋಮಿಗೆ ಬಂದು ಕಾಯಿಲೆ ಬಿದ್ದ. ಸಾಯುವಾಗ ಗೆಳೆಯನಿಗೆ, ಇದನ್ನು ಯಾವುದಾದರೂ ಚರ್ಚಿಗೆ ಕೊಟ್ಟುಬಿಡು ಅಂದ. ಗೆಳೆಯನ ಹೆಂಡತಿ ಬಿಡಲಿಲ್ಲ, ತನ್ನ ಮಲಗುವ ಕೋಣೆಯಲ್ಲಿ ನೇತು ಹಾಕಿಕೊಂಡಳು. ಕೊನೆಗೆ ಮಾತೆ ಆ ಮನೆಯ ಪುಟ್ಟ ಹುಡುಗಿಗೆ ಕಾಣಿಸಿಕೊಂಡು ಜಾಗ ಹೇಳಿದರು. 1499ರ ಮಾರ್ಚ್ 27ರಂದು ಪಟ ಸಂತ ಮತ್ತಾಯರ ಚರ್ಚಿಗೆ ಬಂತು.

ಅಲ್ಲಿ ಸುಮಾರು 300 ವರ್ಷ ಇತ್ತು. 1798ರಲ್ಲಿ ಫ್ರೆಂಚ್ ಸೈನ್ಯ ರೋಮಿಗೆ ನುಗ್ಗಿತು, ಆ ಚರ್ಚನ್ನು ಕೆಡವಿಸಿದರು. ಅಗಸ್ಟೀನಿಯನ್ ಸಭೆಯವರು ಪಟ ಎತ್ತಿಕೊಂಡು ಹೋದರು. ಕೊನೆಗೆ ಒಂದು ಸಣ್ಣ ಪ್ರಾರ್ಥನಾ ಮಂದಿರದಲ್ಲಿ ಅದು ಕೂತಿತು. ಕೇಳುವವರಿಲ್ಲ. ಅಲ್ಲಿ ವಯಸ್ಸಾದ ಬ್ರದರ್ ಒಬ್ಬರಿದ್ದರು, ಅಗೊಸ್ಟಿನೊ ಒರ್ಸೆತ್ತಿ ಅಂತ. ಪೂಜೆಗೆ ಸಹಾಯ ಮಾಡಲು ಬರುತ್ತಿದ್ದ ಮಿಕೇಲೆ ಮಾರ್ಕಿ ಎಂಬ ಹುಡುಗನಿಗೆ ಅವರು ಮತ್ತೆ ಮತ್ತೆ ಹೇಳುತ್ತಿದ್ದರು, ಈ ಪಟ ಸಂತ ಮತ್ತಾಯರ ಚರ್ಚಿನದು, ಮರೆಯಬೇಡ ಅಂತ.

ಹುಡುಗ ಬೆಳೆದು ರಿಡೆಂಪ್ಟರಿಸ್ಟ್ ಎಂಬ ಸನ್ಯಾಸಿ ಸಭೆಯ ಗುರುವಾದ. ಆ ಸಭೆಯವರು 1855ರಲ್ಲಿ ರೋಮಿನಲ್ಲಿ ಜಾಗ ಕೊಂಡರು. ಹಳೇ ಸಂತ ಮತ್ತಾಯರ ಚರ್ಚು ಇದ್ದದ್ದು ಅದೇ ಜಾಗದಲ್ಲಿ! 1863ರಲ್ಲಿ ಒಬ್ಬ ಜೆಸ್ವಿಟ್ ಗುರು ಕಳೆದುಹೋದ ಆ ಪಟದ ಬಗ್ಗೆ ಪ್ರಸಂಗ ಮಾಡಿದರು. ಮಾರ್ಕಿಗೆ ಬ್ರದರ್ ಹೇಳಿದ್ದು ನೆನಪಿತ್ತು. 9ನೇ ಪಿಯುಸ್ ಜಗದ್ಗುರುಗಳು (ಪೋಪ್) 1865ರ ಡಿಸೆಂಬರ್‌ನಲ್ಲಿ ಪಟವನ್ನು ರಿಡೆಂಪ್ಟರಿಸ್ಟರಿಗೆ ಒಪ್ಪಿಸಿದರು. 1866ರ ಏಪ್ರಿಲ್ 26ಕ್ಕೆ ಮೆರವಣಿಗೆ ಮಾಡಿ ಈಗಿನ ಜಾಗದಲ್ಲಿ ಇಟ್ಟರು. ಅದಕ್ಕೆ ಮುಂಚೆ ಲಿಯೋಪೋಲ್ಡ್ ನೊವೊಟ್ನಿ ಎಂಬ ಪೋಲೆಂಡಿನ ಚಿತ್ರಕಾರರು ಅದನ್ನು ಸರಿಪಡಿಸಿದ್ದರು. 1867ರ ಜೂನ್ 23ರಂದು ಕಿರೀಟ ಇಟ್ಟರು.

ಒಬ್ಬ ಬ್ರದರ್ ಮತ್ತು ಒಬ್ಬ ಹುಡುಗನ ನೆನಪಿನಿಂದ ಉಳಿದ ಪಟ ಇದು. ನಿಮ್ಮ ಪಟದ ಬಗ್ಗೆ ನೆನಪಿರುವ ಅಜ್ಜಿ ಯಾರಾದರೂ ಇದ್ದರೆ ಈಗಲೇ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ.

ತುಂಗಭದ್ರಾ ಎಡದಂಡೆ

ಅಕ್ಕ, ಕಥೆ ಚೆನ್ನಾಗಿದೆ. ಆದರೆ ನಾನು ಸಮಿತಿಯವರ ಪರ.

ಅದು ಮ್ಯೂಸಿಯಂ ವಸ್ತು ಅಲ್ಲ. ಜನ ಅದರ ಮುಂದೆ ಮೊಣಕಾಲೂರಿ ಅಳುತ್ತಾರೆ. ಅವರಿಗೆ ತಾಯಿಯ ಮುಖ ಕಾಣಬೇಕು. ಕಪ್ಪಾದ ಹಲಗೆ ತೋರಿಸಿ "ಇದು ಬಹಳ ಹಳೇದು, ಮುಟ್ಟಬಾರದು" ಅಂದರೆ ಭಕ್ತರಿಗೆ ಏನು ಬಂತು? ನಮ್ಮ ಕಡೆ ದ್ಯಾಮವ್ವ, ದುರ್ಗವ್ವನ ಮರದ ಮೂರ್ತಿಗೆ ಜಾತ್ರೆಗೆ ಮುಂಚೆ ಹೊಸ ಬಣ್ಣ ಹಚ್ಚುತ್ತಾರೆ. ಬಣ್ಣಕ್ಕೆ ಕೂತ ದೇವಿಯನ್ನು ಯಾರಿಗೂ ತೋರಿಸುವುದಿಲ್ಲ. ಬಣ್ಣ ಮುಗಿದು, ಕಣ್ಣು ಬರೆದು, ಊರಿಗೆ ಬಂದಾಗ ಎಷ್ಟು ಸಂಭ್ರಮ. ಹಳೇ ಬಣ್ಣ ಹೋಯಿತು ಅಂತ ಯಾರಾದರೂ ಅತ್ತಿದ್ದಾರಾ? ದೇವರನ್ನು ಹೊಸದು ಮಾಡುವುದು ನಮ್ಮ ನೆಲದ ಪದ್ಧತಿ. ಯುರೋಪಿನ ನಿಯಮ ತಂದು ಹೇರುವುದು ಯಾಕೆ?

ಕೌಲ್ ಬಜಾರ್

ಇದು ಸರಿಯಾದ ಮಾತು 👏 ಆಲೂಗಡ್ಡೆ ವಾಪಸ್ ತಗೊಂಡೆ, ಈ ಅಣ್ಣನ ಪಾರ್ಟಿ ನಾನು.

ಕಿನ್ನಾಳ ಕಡೆಯವ

ಕೊಪ್ಪಳದಿಂದ. ನಮ್ಮ ಊರ ಚಿತ್ರಗಾರರ ಕೆಲಸ ಚಿಕ್ಕಂದಿನಿಂದ ನೋಡುತ್ತಾ ಬಂದವನು, ಅದಕ್ಕೆ ಬರೆಯುತ್ತಿದ್ದೇನೆ.

ಎಡದಂಡೆ ಅಣ್ಣ ಹೇಳಿದ ಪದ್ಧತಿ ನಿಜ. ಆದರೆ ಅಲ್ಲಿ ನಡೆಯುವುದೇನು ನೋಡಿ. ಹಗುರ ಮರ ಕೆತ್ತುತ್ತಾರೆ. ಸಂದುಗಳಿಗೆ ಗೋಣಿನಾರು, ಮರದ ಪುಡಿ, ಹುಣಸೆಬೀಜದ ಅಂಟು ಕಲೆಸಿ ಮೆತ್ತುತ್ತಾರೆ. ಮೇಲೆ ಬಿಳಿ ಪದರ, ಅದರ ಮೇಲೆ ಬಣ್ಣ. ದೇವಿಯ ಮೂಗು, ತುಟಿ, ಕೈ ಎಲ್ಲ ಮರದಲ್ಲೇ ಇದೆ. ಬಣ್ಣ ಪೂರ್ತಿ ತೆಗೆದರೂ ದ್ಯಾಮವ್ವ ದ್ಯಾಮವ್ವನೇ. ಹಲಗೆಯ ಮೇಲೆ ಬರೆದ ಪಟದಲ್ಲಿ ಬಣ್ಣ ತೆಗೆದರೆ ಉಳಿಯುವುದು ಹಲಗೆ. ಅಲ್ಲಿ ಬಣ್ಣವೇ ಮೂಗು, ಬಣ್ಣವೇ ಕಣ್ಣು.

ಇನ್ನೊಂದು ಮಾತು. ದೇವಿಗೆ ಬಣ್ಣ ಹಚ್ಚುವವರು ದಾರಿಯಲ್ಲಿ ಸಿಕ್ಕವರಲ್ಲ. ತಲೆಮಾರಿನಿಂದ ಬಂದ ಅಳತೆ, ಕ್ರಮ ಅವರಿಗೆ ಗೊತ್ತು. ನಿಮ್ಮ ಮಾತೆಯ ಮುಖದ ಅಳತೆ ಆ ಬೋರ್ಡ್ ಪೇಂಟರಿಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಹಬ್ಬದ ದಿನ ಯಾವುದೋ ಸಿನಿಮಾ ನಟಿಯ ಮುಖ ಬಂದು ಕೂರುತ್ತದೆ.

ಕೌಲ್ ಬಜಾರ್

ಸ್ಪೇನಿನಲ್ಲಿ ಆದದ್ದು ನೆನಪಾಯಿತು 😂 ಬೋರ್ಹಾ ಅಂತ ಊರು. 2012ರಲ್ಲಿ 80 ದಾಟಿದ ಅಜ್ಜಿ ಚರ್ಚಿನ ಗೋಡೆಯ ಯೇಸುವಿನ ಚಿತ್ರ ಸರಿ ಮಾಡಲು ಹೋಗಿ ಕೋತಿಯ ಮುಖ ಮಾಡಿಬಿಟ್ಟಿತ್ತು. ಜಗತ್ತೆಲ್ಲ ನಕ್ಕಿತು.

ಜಪಸರದಕ್ಕ

ಆ ಅಜ್ಜಿಯನ್ನು ನೋಡಿ ನನಗೆ ನಗು ಬರಲಿಲ್ಲ. ಗೋಡೆಯ ತೇವಕ್ಕೆ ಚಿತ್ರ ಉದುರುತ್ತಿತ್ತು, ಯಾರೂ ತಿರುಗಿ ನೋಡಿರಲಿಲ್ಲ. ಪ್ರೀತಿ ಇದ್ದವರು ಕೈ ಹಾಕಿದರು. ಆಮೇಲೆ ಅದನ್ನು ನೋಡಲೆಂದೇ ಆ ಊರಿಗೆ ಪ್ರವಾಸಿಗರು ಬಂದರು ಅನ್ನುವುದು ಬೇರೆ ಮಾತು. ನಮ್ಮಲ್ಲಿ ಹಾಗೆ ಆದರೆ ಪ್ರವಾಸಿಗರು ಬರಲ್ಲ, ವಾಟ್ಸಾಪ್ ಮಾತ್ರ ಬರುತ್ತದೆ.

ತುಂಗಭದ್ರಾ ಎಡದಂಡೆ

ಕಿನ್ನಾಳದವರ ಮಾತು ಯೋಚನೆ ಮಾಡುವಂಥದ್ದು. ಆದರೂ ಒಂದು ಪ್ರಶ್ನೆ. ರೋಮಿನ ಮೂಲ ಪಟವನ್ನೇ 1866ರಲ್ಲಿ ಪೇಂಟರ್ ಕೈಗೆ ಕೊಟ್ಟಿದ್ದರು ಅಂತ ಅಕ್ಕನೇ ಬರೆದಿದ್ದಾರೆ. ಅವರಿಗಾದರೆ ಸರಿ, ನಮಗಾದರೆ ತಪ್ಪಾ?

ಕೋಟೆ ಕೆಳಗೆ

ನಿಮ್ಮ ಕೈಗೆ ಇನ್ನೂ ಗಟ್ಟಿ ಕೋಲು ಕೊಡುತ್ತೇನೆ ತಗೊಳ್ಳಿ. 1990ರಲ್ಲಿ ಹೊಸ ಫೋಟೋ ತೆಗೆಯಲು ಮೂಲ ಪಟವನ್ನು ಪೀಠದ ಮೇಲಿನಿಂದ ಇಳಿಸಿದರು. ಆಗ ಗೊತ್ತಾಯಿತು, ಹಲಗೆ ಬಿರುಕು ಬಿಟ್ಟಿದೆ, ಬೂಷ್ಟು ಹಿಡಿದಿದೆ ಅಂತ. ಹವೆ ಬದಲಾಗಿ ಆದದ್ದು ಒಂದಿಷ್ಟು, ಹಿಂದಿನವರು ಸರಿ ಮಾಡಲು ಹೋಗಿ ಮಾಡಿದ್ದು ಒಂದಿಷ್ಟು. ವ್ಯಾಟಿಕನ್ ಮ್ಯೂಸಿಯಂನ ತಜ್ಞರು ಬಂದರು. ಮೊದಲು ಎಕ್ಸ್-ರೇ, ಇನ್‌ಫ್ರಾರೆಡ್, ಅಲ್ಟ್ರಾವಯೊಲೆಟ್. ವಸ್ತುವಿನ ವಯಸ್ಸು ಹೇಳುವ ಕಾರ್ಬನ್-14 ಪರೀಕ್ಷೆಯಲ್ಲಿ ಮರ 1325ರಿಂದ 1480ರ ನಡುವಿನದು ಅಂತ ಬಂತು. ಆದರೆ ಬಣ್ಣ? ಬಣ್ಣ 17ನೇ ಶತಮಾನಕ್ಕಿಂತ ಈಚಿನದು ಅಂತ ಕಂಡಿತು. ಅಂದರೆ ಹಲಗೆ ಹಳೇದು, ನಾವು ನೋಡುವ ಮುಖಕ್ಕೆ ನಂತರದವರ ಕೈ ತಾಗಿದೆ. ಆ ಮುಖದಲ್ಲಿ ಪೂರ್ವದ ಐಕಾನ್ (ಹಲಗೆಯ ಮೇಲೆ ಬರೆಯುವ ಪವಿತ್ರ ಪಟ) ಕಳೆ, ಪಶ್ಚಿಮದ ಮೃದುತನ ಎರಡೂ ಇರುವುದಕ್ಕೆ ಅದೇ ಕಾರಣ ಅಂತಾರೆ.

ತುಂಗಭದ್ರಾ ಎಡದಂಡೆ

ಅಷ್ಟೇ ಅಲ್ವಾ ನಾನು ಹೇಳಿದ್ದು! ಜಗತ್ತೆಲ್ಲ ನೊವೇನ ಮಾಡುವ ಮುಖವೇ ಮೇಲೆ ಬರೆದದ್ದು. ಯಾರ ಭಕ್ತಿಗೂ ಕಡಿಮೆ ಆಗಿಲ್ಲ.

ಕೋಟೆ ಕೆಳಗೆ

ಪೂರ್ತಿ ಕೇಳಿ. ಅದು ಗೊತ್ತಾದ ಮೇಲೆ ಅವರು ಏನು ಮಾಡಿದರು? ಮೇಲಿನ ಬಣ್ಣ ಕೆರೆದು ತೆಗೆದು ಹಳೇ ಮುಖ ಹುಡುಕಲಿಲ್ಲ. ಹೊಸ ಮುಖವನ್ನೂ ಬರೆಯಲಿಲ್ಲ. ಹಲಗೆಯ ಬಿರುಕು, ತೂತು ತುಂಬಿದರು. ಬಣ್ಣ ಶುಚಿ ಮಾಡಿದರು. ಕೆಟ್ಟ ಜಾಗಕ್ಕೆ ಮಾತ್ರ ಸ್ವಲ್ಪ ಬಣ್ಣ ಮುಟ್ಟಿಸಿದರು. ಹಿಂದಿನ ಆಧಾರ ಗಟ್ಟಿ ಮಾಡಿದರು. ಎಷ್ಟು ಕಡಿಮೆ ಆಗುತ್ತದೋ ಅಷ್ಟು ಕಡಿಮೆ ಕೆಲಸ. ಎನಾಮೆಲ್ ಡಬ್ಬಿ ಹಿಡಿದು ಎರಡು ದಿನದಲ್ಲಿ ಮುಗಿಸುವುದಕ್ಕೂ ಇದಕ್ಕೂ ಹೋಲಿಕೆ ಎಲ್ಲಿ?

ಜಪಸರದಕ್ಕ

ಇದಕ್ಕೆ ಉಲ್ಟಾ ನಡೆದದ್ದೂ ಇದೆ. ದೈವಿಕ ಕರುಣೆಯ ಯೇಸುವಿನ ಪಟ ನಿಮ್ಮೆಲ್ಲರ ಮನೆಯಲ್ಲಿ ಇರುತ್ತದೆ. ಎದೆಯಿಂದ ಎರಡು ಕಿರಣ, ಕೆಂಪು ಮತ್ತು ಬಿಳುಚು. ಅದರ ಮೊದಲ ಪಟವನ್ನು 1934ರಲ್ಲಿ ಈಗಿನ ಲಿಥುವೇನಿಯದ ವಿಲ್ನಿಯಸ್ ಊರಿನಲ್ಲಿ ಎವ್‌ಗೆನಿಯುಷ್ ಕಾಜಿಮಿರೋವ್‌ಸ್ಕಿ ಬರೆದರು. ದರ್ಶನ ಕಂಡ ಸಂತ ಫೌಸ್ತೀನ ಆಗಾಗ ಬಂದು, ಇದು ಹೀಗಲ್ಲ ಹಾಗೆ ಅಂತ ತಿದ್ದಿಸುತ್ತಿದ್ದರು. ಆಮೇಲೆ ಯುದ್ಧ, ಸೋವಿಯತ್ ಆಡಳಿತ. ಪಟ ಇದ್ದ ಚರ್ಚು ಮುಚ್ಚಿತು. 1951ರಲ್ಲಿ ಇಬ್ಬರು ಹೆಂಗಸರು ಅಲ್ಲಿನ ಕೆಲಸಗಾರನಿಗೆ ದುಡ್ಡು ಕೊಟ್ಟು ಕ್ಯಾನ್ವಾಸ್ ಸುತ್ತಿಕೊಂಡು ಬಂದು ಬಚ್ಚಿಟ್ಟರು. 1956ರಲ್ಲಿ ಬೆಲಾರುಸ್‌ನ ಒಂದು ಹಳ್ಳಿ ಚರ್ಚಿಗೆ ಹೋಯಿತು. ಆ ಚರ್ಚೂ ಮುಚ್ಚಿತು, ಪಟ ಅಲ್ಲೇ ಗೋಡೆಯ ಮೇಲೆ ಉಳಿಯಿತು. 1986ರಲ್ಲಿ ಗುಟ್ಟಾಗಿ ವಿಲ್ನಿಯಸ್‌ಗೆ ತಂದರು.

ಇಷ್ಟರಲ್ಲಿ ತೇವ ಹಿಡಿದು, ಸರಿ ಮಾಡಲು ಹೋದವರು ಬಣ್ಣ ಮೆತ್ತಿ, ಮುಖವೇ ಬದಲಾಗಿತ್ತು. 2003ರಲ್ಲಿ ಪೋಲೆಂಡಿನ ತಜ್ಞೆಯೊಬ್ಬರು ಆ ಮೇಲಿನ ಬಣ್ಣಗಳನ್ನೆಲ್ಲ ತೆಗೆದರು. 1934ರ ಮುಖ ಹೊರಗೆ ಬಂತು. ಇಲ್ಲಿ ತೆಗೆದದ್ದೇ ಸರಿ, ಯಾಕಂದರೆ ಸಂತರೇ ನಿಂತು ಬರೆಸಿದ ಮುಖ ಕೆಳಗೆ ಇತ್ತು. ಎಡದಂಡೆ ತಮ್ಮಾ, ನಿನ್ನ ಮಾತಿನಂತೆ ಸುಮ್ನೆ ಹೊಸದು ಮಾಡುತ್ತಾ ಹೋಗಿದ್ದರೆ ಅದು ಸಿಗುತ್ತಿರಲಿಲ್ಲ.

ಸಿಂಧನೂರು ಹುಡುಗಿ

ಬೆಂಗಳೂರಿನಲ್ಲಿ ಚಿತ್ರಗಳ ಸಂರಕ್ಷಣೆ ಕೆಲಸ ಕಲಿಯುತ್ತಿದ್ದೇನೆ. ಓದುತ್ತಾ ಕೈ ತುರಿಸುತ್ತಿತ್ತು.

ಮಸ್ಕಿ ರೋಡ್ ಅಣ್ಣ ಹೇಳಿದ ಪದರಗಳು, ಹಲಗೆ, ಬಟ್ಟೆ, ಬಿಳಿ ಪದರ, ಬಣ್ಣ, ಇದು ಐಕಾನ್ ಬರೆಯುವ ಹಳೇ ಕ್ರಮ. ಬಿಳಿ ಪದರ ಅಂದರೆ ಸೀಮೆಸುಣ್ಣದ ಪುಡಿ ಮತ್ತು ಅಂಟು. ಯಾರೋ ಕೆಲಸ ಗೊತ್ತಿದ್ದವರೇ ಬರೆದಿದ್ದಾರೆ. ಕಂದು ಬಣ್ಣ ಬಂದಿರುವುದು ಪೂರ್ತಿ ಹೊಗೆಯಿಂದಲ್ಲ. ಮೇಲೆ ಬಳಿದ ರಾಳದ ವಾರ್ನಿಷ್ ಹಳೇದಾದರೆ ಹಳದಿ ಆಗುತ್ತದೆ, ಆಮೇಲೆ ಕಂದು. ಅದರ ಕೆಳಗೆ ಬಂಗಾರ ಚೆನ್ನಾಗಿಯೇ ಇರಬಹುದು. ಉಜ್ಜಿದರೆ ಅದೂ ಹೋಗುತ್ತದೆ.

ಬಣ್ಣ ಏಳುವುದು ಯಾಕೆ ಗೊತ್ತಾ? ಮರ ಮಳೆಗಾಲದಲ್ಲಿ ನೀರು ಕುಡಿದು ಅಗಲ ಆಗುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಸುಣ್ಣದಂಥ ಬಿಳಿ ಪದರ ಅಷ್ಟು ಹಿಗ್ಗಿ ಕುಗ್ಗಲ್ಲ. ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ಮೇಲೆ ತಗಡಿನ ಶೀಟ್ ಇದ್ದರೆ ಕೇಳುವುದೇ ಬೇಡ. ಪದರ ಬಿರಿದು ಡೇರೆಯ ಥರ ಎದ್ದು ನಿಲ್ಲುತ್ತದೆ. ಇದರ ಮೇಲೆ ಎನಾಮೆಲ್ ಹೊಡೆದರೆ ಹೊಸ ಬಣ್ಣದ ಭಾರಕ್ಕೆ ಹಳೇದೂ ಸೇರಿ ಕಿತ್ತು ಬರುತ್ತದೆ.

ನಮ್ಮಲ್ಲಿ ಮೊದಲ ಕೆಲಸ ಶುಚಿ ಮಾಡುವುದಲ್ಲ, ಎದ್ದ ಬಣ್ಣ ಕೂರಿಸುವುದು. ತೆಳು ಜಪಾನಿ ಕಾಗದ ಮೇಲಿಟ್ಟು, ಅಂಟು ಒಳಗೆ ಇಳಿಸಿ, ಹಗುರ ಒತ್ತಿ ಕೂರಿಸುತ್ತೇವೆ. ಆಮೇಲೆ ಕತ್ತಲಲ್ಲಿ ಅಲ್ಟ್ರಾವಯೊಲೆಟ್ ದೀಪ. ಹಳೇ ರಾಳ ಹಸಿರಾಗಿ ಹೊಳೆಯುತ್ತದೆ, ಅದರ ಮೇಲೆ ಆಮೇಲೆ ಹಚ್ಚಿದ ಬಣ್ಣ ಕಪ್ಪು ತೇಪೆಯಾಗಿ ಕಾಣುತ್ತದೆ. ನಿಮ್ಮ ನೀಲಿ ಸೆರಗಿನ ಕಥೆ ಅಲ್ಲಿ ಗೊತ್ತಾಗುತ್ತದೆ. ಶುಚಿ ಮಾಡುವುದು ಹತ್ತಿ ಕಡ್ಡಿಯಲ್ಲಿ, ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ, ಬೆರಳುಗುರಿನಷ್ಟು ಜಾಗ. ನಂಬಲ್ಲ ನೀವು, ಎಷ್ಟೋ ಸಲ ಎಂಜಲೇ ಒಳ್ಳೆಯ ಔಷಧಿ. ಅದರಲ್ಲಿರುವ ಎನ್‌ಜೈಮ್ ಕೊಳೆ ಬಿಡಿಸುತ್ತದೆ. (ಚರ್ಚಿನಲ್ಲಿ ಇದನ್ನು ಹೇಳಬೇಡಿ, ಮತ್ತು ದಯವಿಟ್ಟು ನೀವು ಮಾಡಬೇಡಿ.)

ಬಣ್ಣ ಹೋದ ಜಾಗಕ್ಕೆ ಹೊಸ ಬಣ್ಣ ತುಂಬುವುದಕ್ಕೂ ಒಂದು ಮರ್ಯಾದೆ ಇದೆ. ಬೇಕಾದಾಗ ತೆಗೆಯಲು ಬರುವ ಬಣ್ಣ ಬಳಸಬೇಕು. ರೋಮಿನಲ್ಲಿ 1939ರಲ್ಲಿ ಶುರುವಾದ ಸಂರಕ್ಷಣಾ ಸಂಸ್ಥೆಯಲ್ಲಿ ಚೆಜಾರೆ ಬ್ರಾಂದಿ ಒಂದು ದಾರಿ ಹಾಕಿಕೊಟ್ಟರು. ಸಣ್ಣ ಸಣ್ಣ ನೆಟ್ಟಗಿನ ಗೆರೆ ಎಳೆದು ತುಂಬುವುದು. ದೂರದಿಂದ ನೋಡಿದರೆ ಚಿತ್ರ ಪೂರ್ತಿ ಕಾಣುತ್ತದೆ, ಭಕ್ತರಿಗೆ ಮುಖ ಸಿಗುತ್ತದೆ. ಹತ್ತಿರ ಹೋದರೆ ಇದು ಹಳೇದು, ಇದು ಹೊಸದು ಅಂತ ಗೊತ್ತಾಗುತ್ತದೆ. ಎಡದಂಡೆ ಅಣ್ಣನಿಗೂ ಕೋಟೆ ಕೆಳಗಿನ ಸರ್‌ಗೂ ಒಪ್ಪಿಗೆ ಆಗಬಹುದು ಅಲ್ವಾ?

ಸದ್ಯಕ್ಕೆ ಮೇಣದಬತ್ತಿ ಸ್ಟ್ಯಾಂಡ್ ದೂರ ಸರಿಸಿ. ಉದುರಿದ ಚಕ್ಕೆ ಕಸ ಗುಡಿಸಿ ಎಸೆಯಬೇಡಿ. ಕಾಗದದ ಪೊಟ್ಟಣದಲ್ಲಿ ಹಾಕಿ, ಯಾವ ಜಾಗದ್ದು ಅಂತ ಬರೆದಿಡಿ, ಅವು ಮತ್ತೆ ಕೂರುತ್ತವೆ. ಹಿಂದೆ ಗೆದ್ದಲು ಇದೆಯಾ ನೋಡಿ. ಎಲ್ಲಿಗಾದರೂ ಒಯ್ಯುವುದಾದರೆ ಮುಖ ಮೇಲೆ ಮಾಡಿ ಮಲಗಿಸಿ ಒಯ್ಯಿರಿ, ಬೈಕಿನ ಮೇಲಂತೂ ಬೇಡ. ಬೆಂಗಳೂರಿನಲ್ಲಿ ಇನ್‌ಟ್ಯಾಕ್‌ನವರ (ಹಳೇ ಕಲೆ, ಕಟ್ಟಡ ಉಳಿಸುವ ಸಂಸ್ಥೆ) ಸಂರಕ್ಷಣಾ ಕೇಂದ್ರ ಇದೆ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಪ್ರಯೋಗಾಲಯ ಇದೆ. ಮೊದಲು ಫೋಟೋ ಕಳಿಸಿ ಕೇಳಿ.

ಕೋಟೆ ಕೆಳಗೆ

ಮಂಗಳೂರಿನ ಅಲೋಶಿಯಸ್ ಚಾಪೆಲ್ ನೋಡಿದವರಿಗೆ ಈ ಹುಡುಗಿ ಹೇಳಿದ್ದು ಅರ್ಥ ಆಗುತ್ತದೆ. ಇಟಲಿಯ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೆನಿ 1899ರಿಂದ ಸುಮಾರು ಎರಡು ವರ್ಷ ಕೂತು ಗೋಡೆ, ಚಾವಣಿ ತುಂಬಾ ಬರೆದರು. ಕರಾವಳಿಯ ಮಳೆಗೆ ಅದು ಕೆಟ್ಟಾಗ 1991ರಿಂದ 1994ರವರೆಗೆ ಇನ್‌ಟ್ಯಾಕ್‌ನವರು ಸರಿ ಮಾಡಿದರು. ಪೂರ್ತಿ ಹೊಸದಾಗಿ ಬಣ್ಣ ಹೊಡೆದಿದ್ದರೆ ತಿಂಗಳಲ್ಲಿ ಮುಗಿಯುತ್ತಿತ್ತು. ಆಗ ನಾವು ಇವತ್ತು ನೋಡುತ್ತಿದ್ದದ್ದು ಮೊಸ್ಕೆನಿಯನ್ನಲ್ಲ, ಕಂಟ್ರಾಕ್ಟರನ್ನು.

ನಮ್ಮ ಕಡೆ ಹಳೇದು ಇಲ್ಲ ಅಂತಲ್ಲ. ಮುದಗಲ್ ಚರ್ಚು 1557ಕ್ಕೂ ಮೊದಲಿನದು ಅಂತ ಗೆಜೆಟಿಯರ್‌ನಲ್ಲಿದೆ, ಆದಿಲ್‌ಶಾಹಿ ಕಾಲ. ಅಷ್ಟು ಹಳೇ ಕ್ರೈಸ್ತರ ನೆಲದಲ್ಲಿ ಹಳೇ ಪಟ ಎಷ್ಟು ಉಳಿದಿವೆ? ಪ್ರತಿ ಹಬ್ಬಕ್ಕೂ ಹೊಸದು ಮಾಡುತ್ತಾ ಬಂದರೆ ಉಳಿಯುವುದು ಹೇಗೆ?

ಹಳೇ ಸೆಮಿನಾರಿ

ಎಲ್ಲರೂ ಬಣ್ಣದ ಬಗ್ಗೆ ಮಾತಾಡಿದಿರಿ, ಕಾನೂನು ಯಾರೂ ಹೇಳಲಿಲ್ಲ. ಧರ್ಮಸಭೆಯ 1983ರ ಕಾನೂನು ಸಂಹಿತೆ, 1189ನೇ ಕಲಮು. ಭಕ್ತರ ವಂದನೆಗೆ ಚರ್ಚಿನಲ್ಲಿಟ್ಟ ಬೆಲೆಯುಳ್ಳ ಪಟ ಅಥವಾ ಮೂರ್ತಿ, ಅಂದರೆ ಹಳೇದು ಅಂತಲೋ, ಕಲೆಯಿಂದಲೋ, ಭಕ್ತಿಯಿಂದಲೋ ಬೆಲೆ ಬಂದದ್ದು, ರಿಪೇರಿಗೆ ಬಂದರೆ ಧರ್ಮಾಧ್ಯಕ್ಷರ ಬರವಣಿಗೆಯ ಅನುಮತಿ ಬೇಕು. ಅವರೂ ಸುಮ್ನೆ ಸಹಿ ಹಾಕುವಂತಿಲ್ಲ, ತಜ್ಞರನ್ನು ಕೇಳಿ ಅನುಮತಿ ಕೊಡಬೇಕು. ಪಾಲನಾ ಸಮಿತಿಗೆ ಈ ಅಧಿಕಾರವೇ ಇಲ್ಲ. ಫಾದರ್ ಒಬ್ಬರೇ ಹೂಂ ಅಂದರೂ ಸಾಲದು.

ತುಂಗಭದ್ರಾ ಎಡದಂಡೆ

ಇದನ್ನು ಮೊದಲೇ ಹೇಳಿದ್ದರೆ ನಾನು ಇಷ್ಟು ಟೈಪ್ ಮಾಡುತ್ತಿರಲಿಲ್ಲ ಸ್ವಾಮಿ! ಆದರೂ ಹಬ್ಬದ ದಿನ ಜನ ಏನು ನೋಡಬೇಕು? ಆ ಪ್ರಶ್ನೆ ಹಾಗೇ ಇದೆ.

ಬಳ್ಳಾರಿ ಬ್ರಷ್

ನಾನೂ ಬೋರ್ಡ್ ಪೇಂಟರೇ. ಇಲ್ಲಿ ಪೇಂಟರ್‌ಗಳನ್ನು ಬೈಯುವುದು ಓದಿ ಬೇಜಾರಾಯಿತು. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಕೆಲಸವೇ ಇಲ್ಲ. ಚರ್ಚು, ಗುಡಿ, ದರ್ಗಾ ಯಾವುದಕ್ಕೆ ಕರೆದರೂ ಹೋಗುತ್ತೇವೆ. ಕರೆಯುವವರು "ಹೊಸದು ಕಾಣಬೇಕು" ಅಂತಲೇ ಹೇಳುವುದು. ಹಳೇದು ಉಳಿಸಿ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಿಲ್ಲ.

ಕೆಲಸದ ಮಾತು ಹೇಳುತ್ತೇನೆ. ಮೇಣದ ಜಿಡ್ಡು ಕೂತ ಹಲಗೆಯ ಮೇಲೆ ಎನಾಮೆಲ್ ನಿಲ್ಲಲ್ಲ. ಎಷ್ಟು ಥಿನ್ನರ್ ಒರೆಸಿದರೂ ಕೆಲವೇ ವರ್ಷದಲ್ಲಿ ಸಿಪ್ಪೆ ಏಳುತ್ತದೆ, ಮತ್ತೆ ನಮ್ಮನ್ನೇ ಕರೆಯುತ್ತೀರಿ. ಹಬ್ಬಕ್ಕೆ ಪಟ ಬೇಕಿದ್ದರೆ ಒಳ್ಳೆಯ ಪ್ಲೈವುಡ್ ಮೇಲೆ ಹೊಸದೇ ಒಂದು ಬರೆಸಿ. ಅದೇ ಅಳತೆ, ಅದೇ ಬಣ್ಣ. ಮೆರವಣಿಗೆಗೆ ಅದನ್ನು ಹೊರಿ. ಮಳೆ ಬಂದರೂ ಭಯವಿಲ್ಲ. ಹಳೇದು ಒಳಗಿರಲಿ. ನಿಮ್ಮ ಪೇಂಟರ್ ಅಣ್ಣನಿಗೂ ಕೆಲಸ ತಪ್ಪಲ್ಲ.

ಜಪಸರದಕ್ಕ

ಎಂಥಾ ಒಳ್ಳೆಯ ಮಾತು ತಮ್ಮಾ. ರಿಡೆಂಪ್ಟರಿಸ್ಟರೂ ಮಾಡಿದ್ದು ಅದೇ. 1866ರಿಂದ ಪ್ರತಿ ಮಾಡಿಸಿ ಲೋಕಕ್ಕೆಲ್ಲ ಕಳಿಸಿದರು. ಮುಂಬೈಗೆ ದುಡಿಯಲು ಹೋದ ನಮ್ಮವರು ಮಾಹಿಮ್ ಚರ್ಚಿನಲ್ಲಿ ಬುಧವಾರ ಸಾಲು ನಿಲ್ಲುತ್ತಾರಲ್ಲ, ಅಲ್ಲಿರುವುದೂ ಪ್ರತಿಯೇ. 1948ರಿಂದ ಅಲ್ಲಿ ನೊವೇನ ನಡೆಯುತ್ತಿದೆ.

ಮಸ್ಕಿ ರೋಡ್

ಭಾನುವಾರದ ಪೂಜೆ ಆದ ಮೇಲೆ ಸಮಿತಿ ಕೂತಿತ್ತು. 1189ನೇ ಕಲಮು ಫಾದರ್‌ಗೆ ತೋರಿಸಿದೆ. ಅವರು ಪುಸ್ತಕ ತೆಗೆದು ನೋಡಿ, "ಹೌದಪ್ಪ" ಅಂದರು. ಬಿಷಪ್ ಹೌಸಿಗೆ ಪತ್ರ ಬರೆಯುತ್ತಾರೆ, ಜೊತೆಗೆ ಫೋಟೋ ಕಳಿಸುತ್ತಾರೆ. ಮೇಣದಬತ್ತಿ ಸ್ಟ್ಯಾಂಡ್ ಬಾಗಿಲ ಕಡೆ ಸರಿಸಿದ್ದಕ್ಕೆ ನಾಲ್ಕು ಮಾತು ಕೇಳಬೇಕಾಯಿತು. ಹಬ್ಬಕ್ಕೆ ಹೊಸ ಪಟ ಬರೆಸುವುದು ಅಂತಾಯಿತು. ನಮ್ಮ ಪೇಂಟರ್ ಒಪ್ಪಿದ್ದಾರೆ. ದಾನಿಯ ಹೆಸರು ಹೊಸ ಪಟದ ಕೆಳಗೆ ಬರುತ್ತದೆ, ಆದ್ದರಿಂದ ಆ ಕಡೆಯೂ ಶಾಂತಿ 😀

ತೆಲುಗು ಸಾಲಿನ ಬಗ್ಗೆ ಒಬ್ಬ ಅಜ್ಜಿ ಹೇಳಿದರು. ಕೊನೆಯ ಪದ ಒಂದು ಊರಿನ ಹೆಸರಂತೆ, ಆಂಧ್ರದ ಆದವಾನಿ ಕಡೆಯದು. ಅವರ ಅತ್ತೆ ಮದುವೆಯಾಗಿ ಬಂದದ್ದು ಅದೇ ಊರಿನಿಂದ. ಮುಂದಿನ ವಾರ ಕೂತು ರೆಕಾರ್ಡ್ ಮಾಡಿಕೊಳ್ಳುತ್ತೇನೆ.

ಪೇಂಟರ್ ಒಂದು ಪ್ರಶ್ನೆ ಕಳಿಸಿದ್ದಾರೆ. ಹಿನ್ನೆಲೆಗೆ ಅಂಗಡಿಯ ಗೋಲ್ಡ್ ಪೇಂಟ್ ಹೊಡೆದರೆ ಕಪ್ಪಾಗುತ್ತದಂತೆ. ಬಂಗಾರದ ರೇಕು ಕೊಳ್ಳುವ ಶಕ್ತಿ ನಮಗಿಲ್ಲ. ಬೇರೆ ದಾರಿ ಇದೆಯಾ?

ಬಳ್ಳಾರಿ ಬ್ರಷ್

ಗೋಲ್ಡ್ ಪೇಂಟ್ ಅಂದರೆ ಹಿತ್ತಾಳೆ ಪುಡಿ. ಕಪ್ಪಾಗುವುದು ಖಂಡಿತ. ಹಳದಿ ಮಣ್ಣಿನ ಬಣ್ಣ ಕೆಳಗೆ ಕೊಟ್ಟರೆ ಸ್ವಲ್ಪ ಮರೆಯಾಗುತ್ತದೆ, ಅಷ್ಟೇ.

ಕಿನ್ನಾಳ ಕಡೆಯವ

ನಮ್ಮಲ್ಲಿ ಲಾಜವಾರ ಅಂತ ಮಾಡುತ್ತಾರೆ. ತವರದ ಚೂರು ಕುಟ್ಟಿ ನುಣ್ಣಗೆ ಪುಡಿ ಮಾಡಿ, ಅಂಟಿನಲ್ಲಿ ಕಲೆಸಿ ಹಚ್ಚುತ್ತಾರೆ. ಒಣಗಿದ ಮೇಲೆ ಉಜ್ಜಿ ಮೆರುಗು ತರುತ್ತಾರೆ. ದೇವರ ಆಭರಣಕ್ಕೆಲ್ಲ ಅದೇ ಹೊಳಪು. ಪೇಂಟರ್ ಅಣ್ಣನಿಗೆ ಕೊಪ್ಪಳಕ್ಕೆ ಬರಲು ಹೇಳಿ, ಬಸ್ ಸ್ಟ್ಯಾಂಡಿನಿಂದ ನಾನೇ ಕರೆದುಕೊಂಡು ಹೋಗುತ್ತೇನೆ. ಪ್ಲೈವುಡ್ ತುಂಡು ಒಂದು ಜೊತೆಗೆ ತರಲಿ, ಹಚ್ಚಿ ನೋಡಬಹುದು.